ರಿವಾಲ್ವರಿಗೆ ಬಿಗಿದ ಅರಿಶಿನದ ದಾರ

ದೊಡ್ಡಬೀರಯ್ಯ ಗಿರಾಕಿಯ ಕೈಯಿಂದ ನೇರವಾಗಿ ಬಂದೂಕು ಇಸಿದುಕೊಂಡವನಲ್ಲ. ಮೊದಲು ಮೇಜಿನ ಮೇಲಿಡಬೇಕು, ಬಾಯಿ ಗೋಡೆಯ ಕಡೆಗಿರಬೇಕು. ಮಂಡ್ಯದ ಅವನ ರಿಪೇರಿ ಅಂಗಡಿಯಲ್ಲಿ ನಲವತ್ತು ವರ್ಷದಿಂದ ಇದೇ ಕಟ್ಟುಪಾಡು. ದಿನಾ ಅರಕ್ಕೂ ಇಕ್ಕಳಕ್ಕೂ ಕೈಮುಗಿದೇ ಅವನು ಕೆಲಸಕ್ಕೆ ಕೂರುತ್ತಾನೆ.

ಆಯುಧಪೂಜೆ ಕಳೆದ ವಾರಕ್ಕೆ ಕೆರಗೋಡಿನ ಲಿಂಗರಾಜು ಬಂದ. ಅವನು ಮೇಜಿನ ಮೇಲಿಟ್ಟದ್ದು ತಾತನ ಕಾಲದ ಪುಟ್ಟ ರಿವಾಲ್ವರ್. ಅದರ ಹಿಡಿಗೆ ಅರಿಶಿನದ ದಾರ ಹತ್ತಾರು ಸುತ್ತು ಬಿಗಿದಿತ್ತು.

ಅಂಥ ರಿವಾಲ್ವರನ್ನು ಬೀರಯ್ಯ ಬಲ್ಲ. ಹಿಡಿಯ ಬೆನ್ನಿಗೆ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿಯಿರುತ್ತದೆ. ಅಂಗೈಯಲ್ಲಿ ಅದನ್ನು ಪೂರ್ತಿ ಅದುಮಿದರೆ ಮಾತ್ರ ಗುಂಡು ಹಾರಿಸುವ ಕುದುರೆ ಎಳೆಯಲು ಬರುತ್ತದೆ. ಕುದುರೆಗೆ ಏನಾದರೂ ಸಿಕ್ಕಿಕೊಂಡರೂ, ರಿವಾಲ್ವರ್ ಕೆಳಗೆ ಬಿದ್ದರೂ ಗುಂಡು ಹಾರದು. ಯಾವ ದೇಶದವನು ಮಾಡಿದ್ದೋ, ಮುಖ ಕಾಣದವರ ಪ್ರಾಣಕ್ಕೆ ಇಷ್ಟು ಯೋಚಿಸಿದ್ದಾನಲ್ಲ ಎಂದು ಬೀರಯ್ಯನಿಗೆ ಅವನ ಮೇಲೆ ಗೌರವ. ಈಗ ದಾರ ಆ ಪಟ್ಟಿಯನ್ನೇ ಒಳಕ್ಕೆ ಅದುಮಿ ಹಿಡಿದಿತ್ತು.

ಬೀರಯ್ಯ ರಿವಾಲ್ವರನ್ನು ಮಡಚಿ ತೆರೆದ. ಐದಕ್ಕೆ ಐದೂ ಗುಂಡು ಒಳಗಿದ್ದವು. ಇದನ್ನು ಎಲ್ಲಿಡುತ್ತೀರಿ ಎಂದು ಕೇಳಿದ್ದಕ್ಕೆ, ಕಾರಿನ ಮುಂದಿನ ಸೀಟಿನಡಿ ಎಂದ ಲಿಂಗರಾಜು, ಏನೂ ಆಗದವನಂತೆ. ಬೀರಯ್ಯ ಗುಂಡುಗಳನ್ನು ಒಂದೊಂದಾಗಿ ತೆಗೆದಿಟ್ಟ. ದಾರ ಕತ್ತರಿಸಲು ಹೋದರೆ ಲಿಂಗರಾಜು ಕೈ ಅಡ್ಡ ಹಿಡಿದ.

"ದೇವರ ದಾರ ಕಣಯ್ಯ. ನಮ್ಮವ್ವ ಕಟ್ಟಿರೋದು. ಮುಂದಿನ ಪೂಜೆ ಗಂಟ ಬಿಚ್ಚಂಗಿಲ್ಲ. ನೀನು ಆ ಪಟ್ಟಿ ಮೇಲೇಳ್ದಂಗೆ ಒಂದು ಸ್ಕ್ರೂ ಒಡ್ಕೊಡು, ಸಾಕು."

ಆಗುವುದಿಲ್ಲ ಎಂದ ಬೀರಯ್ಯ. ಹಾಗಾದರೆ ಬೀರಯ್ಯ ದೇವರ ದಾರಕ್ಕೆ ಕತ್ತರಿ ಹಾಕುವವನು ಎಂದು ಊರಲ್ಲೆಲ್ಲ ಹೇಳುತ್ತೇನೆ, ಕೆರಗೋಡಿನ ಒಂದು ಬಂದೂಕೂ ನಿನ್ನ ಮೆಟ್ಟಿಲು ಹತ್ತುವುದಿಲ್ಲ ಎಂದು ಲಿಂಗರಾಜು ಹೆದರಿಸಿದ. ಬೀರಯ್ಯನ ಕಿವಿ ಕೆಂಪಾಯಿತು. ಅವನ ಮನೆಯಲ್ಲೂ ಪೂಜೆಯಾಗಿತ್ತು. ಅವನೂ ದಾರ ಕಟ್ಟಿದ್ದ, ಅಂಗಡಿಯ ಮೇಜಿನ ಕಾಲಿಗೆ, ಕೆಲಸಕ್ಕೆ ಅಡ್ಡಿಯಾಗದ ಕಡೆ. ನಿಮ್ಮವ್ವನ ಬಾಯಲ್ಲೇ ಕೇಳೋಣ, ಫೋನು ಹಾಕಿ ಎಂದ. ಮಾತು ಬಿಟ್ಟುಕೊಡಲಾಗದೆ ಲಿಂಗರಾಜು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟ.

ಲಿಂಗರಾಜುವಿನ ತಾಯಿ ಕಾಮಾಕ್ಷಮ್ಮ ವಿಷಯ ಕೇಳಿಸಿಕೊಂಡರು. "ನಾನು ಮೂತಿಗೆ ಒಂದೇ ಎಳೆ ಸುತ್ತಿ, ಊವ ಮಡಗಿ, ಮಾರನೇ ದಿನವೇ ಬಿಚ್ಚಿ ತುಳಸಿ ಬುಡಕ್ಕಾಕ್ದೆ ಕಣಪ್ಪ ಬೀರಯ್ಯ. ಇನ್ನೆಲ್ಲಿ ದಾರ ಅದು?"

ಲಿಂಗರಾಜು ಬೀದಿಯ ಕಡೆ ನೋಡತೊಡಗಿದ. ಪಟ್ಟಿ ಅದುಮುವುದು ಬಿಗಿಯಿತ್ತು, ಅದಕ್ಕೇ ದಾರವನ್ನು ತಾನೇ ಸುತ್ತಿದ್ದಾಗಿ ಗೊಣಗಿದ.

ಬೀರಯ್ಯನಿಗೆ ತಡೆಯಲಾಗಲಿಲ್ಲ. "ಕೈ ಬಿಗಿ ಇಡಿಯಕ್ಕೆ ಸೋಮಾರಿತನ ನಿಮ್ಗೆ ಗೌಡ್ರೇ, ಎಸ್ರು ಮಾತ್ರ ದೇವ್ರುದು, ಎತ್ತವ್ವಂದು. ಕಾರು ಅಳ್ಳಕ್ಕೆ ಬಿದ್ದು ಸೀಟ್ನಡಿಂದ ಗುಂಡು ಆರುದ್ರೆ ಅದು ದಾರ ನೋಡಿ ನಿಂತ್ಕತದಾ?"

ಕತ್ತರಿ ಹಾಕಿದ. ಪಟ್ಟಿ ಟಕ್ಕನೆ ಮೇಲೆದ್ದಿತು. ಅಂಗೈ ತಾಗಿಸದೆ ಬೆರಳಲ್ಲಿ ಕುದುರೆ ಎಳೆದ. ಅದು ಅಲುಗಲಿಲ್ಲ. ಲಿಂಗರಾಜುವಿಗೆ ಕಾಣುವ ಹಾಗೆ ಇನ್ನೆರಡು ಸಲ ಎಳೆದು ತೋರಿಸಿದ. ಗುಂಡುಗಳನ್ನು ಬೇರೆಯೇ ಪೊಟ್ಟಣ ಕಟ್ಟಿದ.

ಫೋನು ಇನ್ನೂ ಮಾತಾಡುತ್ತಿತ್ತು. "ಯಾವ ಸೀಟ್ನಡೀಲಪ್ಪ? ಮುಂದಿಂದಾ? ನಾನು ಕೂತ್ಕೊಳೋದಾ?"

ಬೀರಯ್ಯ ಫೋನನ್ನು ಲಿಂಗರಾಜುವಿನ ಮುಂದಕ್ಕೆ ಸರಿಸಿದ.