ಬೀಗದವನು ವಿಮೆ ಬಿಟ್ಟ ಒಂಬತ್ತು ದಿನ

ಒಂಬತ್ತೇ ಒಂಬತ್ತು ದಿನ. ಅಷ್ಟನ್ನು ಇನ್ಶೂರೆನ್ಸ್‌ನವರು ತನಗೆ ಬಿಟ್ಟುಕೊಡಲಿಲ್ಲ ಎಂಬ ಸಿಟ್ಟು ಬೀಗದವನಿಗೆ ಇವತ್ತಿಗೂ ಇಳಿದಿಲ್ಲ. ಬೀಗದ ಕೈ ಕಳೆದುಹೋದ ಪೆಟ್ಟಿಗೆಯನ್ನು ಯಾರಾದರೂ ಅಂಗಡಿಗೆ ಹೊತ್ತು ತಂದರೆ ಮೊದಲು ಈ ಕಥೆ ಬಿಚ್ಚುತ್ತಾನೆ. ಕಥೆ ಮುಗಿಯುವ ತನಕ ಪೆಟ್ಟಿಗೆ ಬಿಚ್ಚುವುದಿಲ್ಲ. ಹಾಗಾಗಿ ಗಿರಾಕಿ ಬಾಯಿ ಮುಚ್ಚಿಕೊಂಡು ಕೇಳಲೇಬೇಕು.

ಅವನ ಮನೆ ಎಂದರೆ ಎರಡು ಕೋಣೆ, ಒಂದು ಅಡುಗೆಮನೆ. ಬಾಗಿಲ ಹಿಂದೆಯೇ ಹೆಂಡತಿಯ ಹೊಲಿಗೆ ಯಂತ್ರ ಇರುವುದರಿಂದ ಮುಂಬಾಗಿಲು ಒಳಕ್ಕೆ ತೆರೆಯಲು ಜಾಗವಿಲ್ಲ. ಬೀದಿಯ ಕಡೆಗೆ ತೆರೆಯುತ್ತದೆ. ಇಷ್ಟಕ್ಕೆ ಹದಿನೈದು ವರ್ಷ ಸಾಲದ ಕಂತು ಕಟ್ಟಿದ್ದ. ಮನೆಪತ್ರ ಬ್ಯಾಂಕಿನಲ್ಲಿ ಅಡವಿತ್ತು. ಕಂತು ಸಾಲದು ಎಂಬಂತೆ ವರ್ಷಕ್ಕೊಮ್ಮೆ ಮನೆ ವಿಮೆಯ ದುಡ್ಡನ್ನೂ ಬ್ಯಾಂಕಿನವರು ಕಿತ್ತುಕೊಳ್ಳುತ್ತಿದ್ದರು. ಹದಿನೈದು ವರ್ಷದಲ್ಲಿ ಬೆಂಕಿ ಬೀಳಲಿಲ್ಲ, ಗೋಡೆ ಕುಸಿಯಲಿಲ್ಲ, ಕಿಟಕಿಯ ಒಂದು ಗಾಜೂ ಬಿರುಕು ಬಿಡಲಿಲ್ಲ. ಬೇರೆಯವರಾಗಿದ್ದರೆ ಸದ್ಯ ಬಚಾವ್ ಅನ್ನುತ್ತಿದ್ದರು. ಇವನಿಗೆ ಅದು ಹಗಲು ದರೋಡೆ ಅನ್ನಿಸಿತು.

ಕೊನೆಯ ಕಂತು ಕಟ್ಟಿ, ಪತ್ರವನ್ನು ಎದೆಗವಚಿಕೊಂಡು ಬಂದ ದಿನ ಹೆಂಡತಿ ಕೇಳಿದಳು: “ವಿಮೆ ಈ ವಾರ ಮುಗಿಯುತ್ತಂತೆ. ಇನ್ಮೇಲೆ ನಾವೇ ಹೋಗಿ ಕಟ್ಟಬೇಕಂತೆ. ಕಟ್ತೀರಿ ತಾನೆ?”

“ಯಾಕೆ ಕಟ್ಲಿ? ಅದು ಬ್ಯಾಂಕಿನವರ ಪುಕ್ಕಲುತನಕ್ಕೆ ಕಟ್ಟಿದ್ದು. ಸಾಲ ಹೋಯ್ತು, ಪುಕ್ಕಲರೂ ಹೋದ್ರು.”

“ಮನೆ ಇನ್ನೂ ಇಲ್ಲೇ ಇದೆಯಲ್ಲ?”

“ಮನೆಗೆ ನಾನಿದೀನಿ.”

“ಅದೇ ನನಗೆ ಭಯ.”

ಹೆಂಡತಿಗೆ ಈ ಮಾತು ತಮಾಷೆಯಾಗಿರಲಿಲ್ಲ. ಇಬ್ಬರ ದುಡಿಮೆಯಲ್ಲಿ ಉಳಿದದ್ದು ಈ ಮನೆ ಒಂದೇ. ಅದು ಬಿಟ್ಟರೆ ಇನ್ನೊಂದು ಹೊಲಿಗೆ ಯಂತ್ರ ಕೊಳ್ಳಲು ಅವಳು ಪರದೆ ಹೊಲಿದು ಹೊಲಿದು ಕೂಡಿಟ್ಟ ಒಂದಿಷ್ಟು ದುಡ್ಡು.

ಬೀಗದವನು ವಿಮೆಗೆ ಕಟ್ಟಬೇಕಿದ್ದ ದುಡ್ಡಿಗೆ ಹಿತ್ತಾಳೆ ತಂದ. ಮೂರು ದಿನ ಊಟ ನಿದ್ದೆ ಬಿಟ್ಟು ಮುಂಬಾಗಿಲಿಗೆ ಒಂದು ಬೀಗ ಮಾಡಿದ. ಬಾಗಿಲು ಮುಚ್ಚಿದರೆ ಸಾಕು, ತಾನಾಗಿಯೇ ಬೀಳುವ ಬೀಗ. ಹೊರಗಿನಿಂದ ತೆಗೆಯಲು ಎರಡು ಬೀಗದ ಕೈ ಬೇಕು. ಮೊದಲನೆಯದನ್ನು ಎಡಕ್ಕೆ ಎರಡು ಸುತ್ತು, ಎರಡನೆಯದನ್ನು ಬಲಕ್ಕೆ ಒಂದು ಸುತ್ತು. ತಪ್ಪಿದರೆ ಬೀಗ ಮುನಿಸಿಕೊಂಡು ಕಚ್ಚಿ ಕೂರುತ್ತದೆ. ಕಿಟಕಿಗಳಿಗೂ ಬೆರಳು ದಪ್ಪದ ಸರಳು ಹಾಕಿಸಿದ.

“ಇನ್ನು ಇದೇ ನಮ್ಮ ವಿಮೆ. ಯಾವನು ಬರ್ತಾನೋ ಬರಲಿ ನೋಡೋಣ,” ಎಂದ.

“ಬೆಂಕಿ ಏನು ಬಾಗಿಲು ತಟ್ಟಿ ಬರುತ್ತೇನ್ರಿ?” ಎಂದಳು ಹೆಂಡತಿ.

ವಿಮೆ ಮುಗಿದ ಒಂಬತ್ತನೇ ದಿನ ಹೆಂಡತಿ ಹೊಲಿದ ಪರದೆ ಕೊಟ್ಟು ಬರಲು ಹೋದಳು. ಇವನು ಹಿತ್ತಿಲ ಬಾಗಿಲಿಗೂ ಇನ್ನೊಂದು ಬೀಗ ಮಾಡುತ್ತಿದ್ದ. ಹಿತ್ತಿಲ ಬಾಗಿಲಿಗೆ ಅದಾಗಲೇ ಒಳಗಿನಿಂದ ಅಡ್ಡಪಟ್ಟಿ ಹೊಡೆದಾಗಿತ್ತು. ಬೀಗದ ಸ್ಪ್ರಿಂಗು ಹದಕ್ಕೆ ಬರಬೇಕಾದರೆ ಎಣ್ಣೆಯಲ್ಲಿ ಕಾಯಿಸಬೇಕು. ಅಂಗಡಿಯಲ್ಲಿ ಅದಕ್ಕೆಂದೇ ತಗಡಿನ ಡಬ್ಬಿ ಇತ್ತು. ಆದರೆ ಅಲ್ಲಿಗೆ ಹೋಗುವವರು ಯಾರು? ಹೆಂಡತಿಯ ಬಾಣಲೆಗೆ ಎಣ್ಣೆ ಸುರಿದು, ಸ್ಪ್ರಿಂಗು ಇಳಿಬಿಟ್ಟು ಒಲೆ ಹಚ್ಚಿದ. ಅಷ್ಟರಲ್ಲಿ ಫೋನ್ ಬಂತು. ಒಳಗೆ ಮಾತು ಕತ್ತರಿಸಿ ಕತ್ತರಿಸಿ ಕೇಳುತ್ತಿತ್ತು, ಹೊರಗೆ ಬಂದು ನಿಂತ.

“ಸರ್, ನಿಮ್ಮ ಮನೆ ವಿಮೆ ಮುಗಿದು ಒಂಬತ್ತು ದಿನ ಆಯ್ತು. ಮುಂದುವರಿಸ್ತೀರಾ?” ಇನ್ಶೂರೆನ್ಸ್ ಆಫೀಸಿನ ಹೆಣ್ಣುಮಗಳು.

“ಸಾಲ ತೀರಿದೆ ಕಣಮ್ಮಾ! ಗೊತ್ತಿಲ್ವಾ?”

“ಸಾಲ ಇದ್ದಾಗ ಬ್ಯಾಂಕು ಬಲವಂತ ಮಾಡುತ್ತೆ ಸರ್, ಅದರ ದುಡ್ಡು ಮನೆ ಮೇಲಿರುತ್ತಲ್ಲ. ಈಗ ಯಾರೂ ಕೇಳಲ್ಲ. ಆದ್ರೆ ಈಗ ಮನೆ ಪೂರ್ತಿ ನಿಮ್ಮದು, ಏನಾದ್ರೂ ಆದ್ರೆ ನಷ್ಟಾನೂ ಪೂರ್ತಿ ನಿಮ್ಮದೇ.”

“ಏನಾಗುತ್ತೆ? ನನ್ನ ಮನೆಗೆ ಏನಾಗುತ್ತೆ ಹೇಳು ನೋಡೋಣ!”

ಬೆನ್ನ ಹಿಂದೆ ಗಾಳಿಗೆ ಬಾಗಿಲು ಧಡ್ ಎಂದು ಬಡಿದುಕೊಂಡಿತು. ಬೀಗ ಟಕ್ಕೆಂದು ಕೂತಿತು.

“ಕೇಳಿಸ್ತಾ? ಅದು ನನ್ನ ಬೀಗ! ಕೈಯಲ್ಲಿ ಮಾಡಿದ್ದು!”

“ಕೇಳಿಸ್ತು ಸರ್. ನೀವ್ಯಾಕೆ ಕೆಮ್ತಾ ಇದೀರಿ?”

ತಿರುಗಿ ನೋಡಿದ. ಅಡುಗೆಮನೆಯ ಕಿಟಕಿಯಿಂದ ಕಪ್ಪು ಹೊಗೆ ಸರಳುಗಳ ನಡುವೆ ನುಸುಳಿ ಬರುತ್ತಿತ್ತು. ಎರಡೂ ಬೀಗದ ಕೈ ಒಳಗೆ ಮೊಳೆಗೆ ನೇತಾಡುತ್ತಿದ್ದವು. ಹತಾರದ ಚೀಲ ಮಂಚದ ಕೆಳಗೆ. ಬಾಗಿಲಿಗೆ ಭುಜ ಕೊಟ್ಟ. ಭುಜ ಊದಿಕೊಂಡಿತು, ಬಾಗಿಲು ಮಿಸುಕಲಿಲ್ಲ. ಆ ಗಡಿಬಿಡಿಯಲ್ಲೂ, ಎಂಥ ಗಟ್ಟಿ ಕೆಲಸ ಮಾಡಿದ್ದೇನೆ ಎಂದು ಒಂದು ಗಳಿಗೆ ಹೆಮ್ಮೆಯಾಯಿತು.

ಎದುರುಮನೆಯ ಗಾರೆಯವನು ಓಡಿಬಂದು ಕಿಟಕಿಯಿಂದ ಮರಳು ಎರಚತೊಡಗಿದ. ಹೆಂಡತಿ ಬೀದಿ ತಿರುವಿನಿಂದಲೇ ಹೊಗೆ ನೋಡಿ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬಂದಳು. ಬಂದವಳೇ ತನ್ನ ತಂಗಿಯ ಗಂಡನಿಗೆ ಫೋನ್ ಮಾಡಿದಳು. ಆತ ಎರಡು ಬೀದಿ ಆಚೆ, ಯಂತ್ರ ಇಟ್ಟುಕೊಂಡು ಬೀಗದ ಕೈಗೆ ನಕಲು ಕೊರೆದುಕೊಡುವವನು. ಬೀಗದವನ ಲೆಕ್ಕದಲ್ಲಿ ಅದು ಕಸುಬೇ ಅಲ್ಲ.

“ಅವನು ಈ ಬಾಗಿಲು ಮುಟ್ಟಿದ್ರೆ ನಾನು ಊರು ಬಿಟ್ಟು ಹೋಗ್ತೀನಿ!”

“ಮೊದಲು ಒಲೆ ಆರಲಿ, ಆಮೇಲೆ ನಿಧಾನಕ್ಕೆ ಹೊರಡಿ!”

ಷಡ್ಡಕ ಸೈಕಲ್ ಮೇಲೆ ಬಂದ. ಬೀಗವನ್ನು ಒಂದು ಸಲ ನೋಡಿದ. “ಆಹಾ, ಏನು ಕೆಲಸ ಅಣ್ಣಾ!” ಎಂದ. ಆಮೇಲೆ ಬಾಗಿಲಿನ ಇನ್ನೊಂದು ಅಂಚಿಗೆ ಹೋದ. ಬಾಗಿಲು ಬೀದಿಗೆ ತೆರೆಯುವುದಾದ್ದರಿಂದ ಅದರ ಮೂರು ಕೀಲುಗಳೂ ಹೊರಗೇ ಇದ್ದವು. ಮೊಳೆ ಇಟ್ಟು ಸುತ್ತಿಗೆಯಿಂದ ಕುಟ್ಟಿ ಮೂರರ ಪಿನ್ನುಗಳನ್ನೂ ಮೇಲೆಬ್ಬಿಸಿ ಕಿತ್ತ. ಅರ್ಧ ನಿಮಿಷ. ಬೀಗ ಬಿದ್ದ ಹಾಗೇ ಇತ್ತು, ಬಾಗಿಲು ಕೀಲಿನ ಕಡೆಯಿಂದ ಕಳಚಿಕೊಂಡು ಬಂತು. ಹೆಂಡತಿ ಒಳಗೆ ನುಗ್ಗಿ ಒಲೆ ಆರಿಸಿದಳು. ಗಾರೆಯವನು ಉಳಿದ ಮರಳನ್ನೆಲ್ಲ ಬೆಂಕಿಯ ಮೇಲೆ ಸುರಿದ.

ಮನೆ ಉಳಿಯಿತು. ಅಡುಗೆಮನೆಯ ಕಪಾಟು, ಕಿಟಕಿಯ ಚೌಕಟ್ಟು, ಕರೆಂಟಿನ ವೈರು ಹೋದವು. ಸೂರು ಕಾವಲಿಯ ತಳದಂತಾಗಿತ್ತು. ಫೋನ್ ಇನ್ನೂ ಕಡಿದಿರಲಿಲ್ಲ.

“ಅಮ್ಮಾ ತಾಯೀ, ಮುಂದುವರಿಸಿಬಿಡು! ಒಂಬತ್ತು ದಿನ ಹಿಂದಿನಿಂದ ಮುಂದುವರಿಸು!”

“ಹಾಗೆ ಆಗಲ್ಲ ಸರ್. ಎಲ್ಲಾ ನನಗೂ ಕೇಳಿಸ್ತಾ ಇತ್ತಲ್ಲ.”

ಹೆಂಡತಿ ಕೂಡಿಟ್ಟ ಹೊಲಿಗೆ ಯಂತ್ರದ ದುಡ್ಡು ಸುಣ್ಣ ಬಣ್ಣಕ್ಕೆ, ವೈರಿಗೆ, ಕಪಾಟಿಗೆ ಕರಗಿತು. ಅವಳು ಬಯ್ಯಲಿಲ್ಲ. ಬಯ್ದಿದ್ದರೆ ಇವನೂ ಎರಡು ಮಾತು ಆಡಿ ಹಗುರಾಗುತ್ತಿದ್ದ. ಮರುವಾರ ಯಾರಿಗೂ ಹೇಳದೆ ಆಫೀಸಿಗೆ ಹೋಗಿ ಹೊಸ ವಿಮೆ ಮಾಡಿಸಿಕೊಂಡು ಬಂದ. ಅರ್ಜಿಯಲ್ಲಿ “ಮುಂಬಾಗಿಲ ಬೀಗ ಭದ್ರವಾಗಿದೆಯೇ?” ಎಂದು ಕೇಳಿದ್ದರು. ಹೌದು ಎಂದು ಬರೆದು, ಜಾಗ ಸಾಲದೆ ಹಾಳೆಯ ಹಿಂದೆಯೂ ಬರೆದ.

ಉಳಿದದ್ದು ಷಡ್ಡಕನ ಕೂಲಿ.

“ಬೀಗ ತೆಗೆಯೋ ಕೂಲಿ ಕೊಡಿ ಅಣ್ಣಾ, ಸಾಕು.”

“ಬೀಗಕ್ಕೆ ಕೈ ಹಚ್ಚಿದ್ಯಾ ನೀನು? ಮೂರು ಪಿನ್ನು ಕಿತ್ತೆ. ಅದು ಬಡಗಿ ಕೆಲಸ. ಬಡಗಿ ಕೂಲಿ ತಗೋ.”

“ಬಡಗಿ ಕೂಲಿ ತಗೊಳ್ಳಕ್ಕೆ ನಾನು ಬಡಗಿನಾ?”

ಹೆಂಡತಿ ಗುಟ್ಟಾಗಿ ತಂಗಿಯ ಕೈಗೆ ದುಡ್ಡು ತುರುಕಲು ನೋಡಿದಳು. ಷಡ್ಡಕ ವಾಪಸ್ ಕಳಿಸಿದ: “ಅಕ್ಕಾ, ನೀವು ಕೊಟ್ರೆ ಬೇಡ. ಅಣ್ಣ ಬಾಯಿಬಿಟ್ಟು, ಬೀಗ ತೆಗೆದಿದ್ದಕ್ಕೆ ಅಂತ ಹೇಳಿ ಕೊಡಲಿ.”

ನಾಲ್ಕು ವರ್ಷವಾಯಿತು. ಅವನು ಬಡಗಿ ಕೂಲಿ ಮುಟ್ಟಿಲ್ಲ, ಇವನು ಆ ಮಾತು ಆಡಿಲ್ಲ.