ಲ್ಯಾಮಿನೇಷನ್ ಆದ ಕಾಗದ

ನನ್ನ ಗಂಡನಿಗೆ ಇರುವುದು ಒಂದೇ ಹುಚ್ಚು. ಅಮೆರಿಕ ದೇಶವನ್ನು ಕಟ್ಟಿದ ಮೊದಲ ತಲೆಮಾರಿನ ನಾಯಕರು ಸಹಿ ಹಾಕಿದ ಹಳೆಯ ಕಾಗದಗಳನ್ನು ಹರಾಜಿನಲ್ಲಿ ಹಿಡಿದು ತರಿಸಿಕೊಳ್ಳುವುದು. ಗಲ್ಫಿನ ಅಬ್ಕೈಕ್‌ ಊರಿನ ತೈಲ ಘಟಕದಲ್ಲಿ ದಿನವಿಡೀ ಪೈಪು, ವಾಲ್ವು ನೋಡಿಕೊಳ್ಳುವ ಉಡುಪಿ ಕಡೆಯ ಮನುಷ್ಯನಿಗೆ ಇದು ಎಲ್ಲಿಂದ ಅಂಟಿತೋ ಗೊತ್ತಿಲ್ಲ. ಡ್ಯೂಟಿ ಮುಗಿಸಿ ಬಂದವರು ಚಹಾ ಆರಿದರೂ ಭೂತಗನ್ನಡಿ ಕೆಳಗಿಡುವುದಿಲ್ಲ. "ಬರ್ದದ್ದು ಗುಮಾಸ್ತ, ಸಹಿ ಮಾತ್ರ ಅವರದ್ದೇ, ನೋಡು" ಎನ್ನುತ್ತಾರೆ. ಮೈಸೂರಿನವಳಾದ ನಾನು ತಲೆಯಾಡಿಸುತ್ತೇನೆ. ನಿಜ ಹೇಳಬೇಕೆಂದರೆ, ನನಗೆ ಆ ಸಹಿಗಿಂತ ಅದನ್ನು ನೋಡುವಾಗಿನ ಅವರ ಮುಖ ಇಷ್ಟ.

ಇದ್ದದ್ದು ನಾಲ್ಕೇ ಕಾಗದ. ಅವರ ಜೀವ ಇದ್ದದ್ದು ಒಂದರಲ್ಲಿ. ಅಲ್ಲಿನ ಮುತ್ಸದ್ದಿಯೊಬ್ಬರು, ಬಂದರಿನಲ್ಲಿ ಯಾರಿಗೋ ಕೆಲಸ ಕೊಡಿಸಿ ಎಂದು ಬರೆಸಿ ಸಹಿ ಹಾಕಿದ ಶಿಫಾರಸು ಪತ್ರ ಅದು. ಇನ್ನೂರು ವರ್ಷದ ಹಿಂದೆಯೂ ವಶೀಲಿ ಇತ್ತಲ್ಲ ಎಂದು ಇಬ್ಬರೂ ನಕ್ಕಿದ್ದೆವು. ಅದು ಮಡಿಕೆಗಳಲ್ಲಿ ಹರಿಯತೊಡಗಿತ್ತು.

ನಾವು ಗಲ್ಫಿನವರು ಒರಿಜಿನಲ್ ಕಂಡರೆ ಲ್ಯಾಮಿನೇಷನ್ ಮಾಡಿಸದೆ ಬಿಡುವವರಲ್ಲ. ಮಕ್ಕಳ ಜನನ ಪತ್ರ, ಅಂಕಪಟ್ಟಿ, ಮದುವೆಯ ಸರ್ಟಿಫಿಕೇಟು, ಎಲ್ಲವೂ ಪ್ಲಾಸ್ಟಿಕ್ಕಿನೊಳಗೇ. ಅವರ ಹುಟ್ಟುಹಬ್ಬದ ದಿನ, ಅವರು ಡ್ಯೂಟಿಗೆ ಹೋದಾಗ, ಆ ಕಾಗದವನ್ನು ಜೆರಾಕ್ಸ್ ಅಂಗಡಿಗೆ ಒಯ್ದೆ.

"ಒರಿಜಿನಲ್ ಹೈ ಕ್ಯಾ, ಭಾಭಿ?" ಎಂದು ಅಂಗಡಿಯವನು ಕೇಳಿದ. ಹೌದೆಂದು ಜಂಬದಿಂದಲೇ ಹೇಳಿ, ದಪ್ಪ ಪ್ಲಾಸ್ಟಿಕ್ಕೇ ಹಾಕಿಸಿದೆ. ಬಿಸಿ ಯಂತ್ರದ ಈ ಕಡೆಯಿಂದ ಹೋದದ್ದು ಆ ಕಡೆಯಿಂದ ಫಳಫಳ ಹೊಳೆಯುತ್ತ ಬಂತು.

ಸಂಜೆ ಅವರು ಅದನ್ನು ಕೈಗೆ ತೆಗೆದುಕೊಂಡವರು ಅಂಚನ್ನು ಉಗುರಿನಿಂದ ಕೆದಕಿ ನೋಡಿದರು.

"ಎಂತ ಮಾಡಿದ್ದು ಮಾರಾಯ್ತಿ ನೀನು?"

"ಯಾಕ್ರೀ? ಒರಿಜಿನಲ್ ಅಲ್ವಾ, ಹರಿದುಹೋಗಬಾರದು ಅಂತ..."

"ಪ್ಲಾಸ್ಟಿಕ್ಕಿಗೆ ಅಂಟಿದ ಮೇಲೆ ಇದರ ಬೆಲೆಯೇ ಹೋಯ್ತು. ಇನ್ನು ತೆಗೀಲಿಕ್ಕೆ ಆಗುದಿಲ್ಲ. ತೆಗೆದ್ರೆ ಶಾಯಿಯೂ ಅದರೊಟ್ಟಿಗೇ ಬರ್ತದೆ."

ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬಾಯಲ್ಲಿ ನಾನೇನು ಕಡಿಮೆಯಿಲ್ಲ. ಹುಟ್ಟುಹಬ್ಬದ ಪಾಯಸ ಉಂಡು, ಕಾಗದಗಳ ಕಪಾಟಿನಲ್ಲಿ ಅದನ್ನಿಟ್ಟು ಬಾಗಿಲು ಹಾಕಿದರು. ನನಗೆ ಹೆದರಿಕೆ ಹುಟ್ಟಿದ್ದು ಆಗ. ಇನ್ನು ಮೇಲೆ ಇವರು ನನ್ನನ್ನು ಕರೆದು ತೋರಿಸುವುದಿಲ್ಲ, ಏನು ಬಂದರೂ ಒಬ್ಬರೇ ನೋಡಿ ಒಬ್ಬರೇ ಸಂತೋಷಪಡುತ್ತಾರೆ ಅನ್ನಿಸಿತು. ಆ ಕಪಾಟಿನ ಧೂಳು ಒರೆಸಲೂ ನಾನು ಹೋಗಲಿಲ್ಲ.

ಎರಡು ತಿಂಗಳ ಮೇಲೆ, ಒಂದು ಬೆಳಿಗ್ಗೆ, ಅಮೆರಿಕದ ಹರಾಜಿನವರಿಂದ ಗಟ್ಟಿ ರಟ್ಟಿನ ಲಕೋಟೆಯೊಂದು ಕೊರಿಯರ್‌ನಲ್ಲಿ ಬಂತು. ಅವರಿಗೆ ಫೋನ್ ಮಾಡಿದೆ.

"ನಿಮ್ಮ ಕಾಗದ ಬಂದಿದೆ. ಮೇಜಿನ ಮೇಲಿಟ್ಟಿದ್ದೀನಿ. ನಾನೇನೂ ಮಾಡಿಲ್ಲ."

ಆ ಕಡೆ ಯಂತ್ರಗಳ ಸದ್ದು ಕೇಳುತ್ತಿತ್ತು.

"ಕೈ ತೊಳ್ಕೊಂಡು ನೀನೇ ಬಿಡಿಸು ಮಾರಾಯ್ತಿ" ಎಂದರು. "ಸಹಿ ಹೇಗುಂಟು ಹೇಳು. ಸಂಜೆವರೆಗೆ ನಂಗೆ ಕಾಯ್ಲಿಕ್ಕಾಗುದಿಲ್ಲ."

ಫೋನ್ ಹಿಡಿದುಕೊಂಡೇ ಅತ್ತೆ. ಆಮೇಲೆ ಸೋಪು ಹಚ್ಚಿ ಎರಡು ಸಲ ಕೈ ತೊಳೆದೆ.