ಯಾರ ಪರವಾಗಿ ಬರೆದ ಕಾಗದ

ಕಾರ್ಖಾನೆಯ ಹೆಡ್ ಕ್ಲರ್ಕ್ ಕಲ್ಲೆದೆಯ ಹೆಂಗಸು. ಮೂವತ್ತೊಂದು ವರ್ಷ ಆಫೀಸಿನ ಇಂಗ್ಲಿಷ್ ಕಾಗದಗಳನ್ನು ತಿದ್ದಿದ್ದಳು. ಬರೆದವರ ಕಣ್ಣಲ್ಲಿ ನೀರು ತರಿಸದೆ ಒಂದನ್ನೂ ಹಿಂತಿರುಗಿಸಿದವಳಲ್ಲ. ಬೆನ್ನ ಹಿಂದೆ ಎಲ್ಲರೂ ಅವಳನ್ನು ಕತ್ತರಿ ಎನ್ನುತ್ತಿದ್ದರು.

ಹೊಸ ಟೈಪಿಸ್ಟ್ ಹುಡುಗಿಯ ನೌಕರಿ ಕಾಯಂ ಆಗಲು ಇನ್ನು ಎಂಟೇ ದಿನ. ಅಂಥ ಹೊತ್ತಿನಲ್ಲಿ ಅವಳು ಮ್ಯಾನೇಜರಿಗೆ ಕೊಡಲು ಒಂದು ಕಾಗದ ಬರೆದು ತಂದಳು. ಪ್ಯಾಕಿಂಗ್ ವಿಭಾಗದ ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದ ಕೈ ಸೂಪರ್‌ವೈಸರನ ಜೇಬಿನಲ್ಲಿ. ಪಾಳಿಗೆ ಎರಡೇ ಸಲ ಕೊಡುತ್ತಿದ್ದ. ಹಿಂದಿನ ದಿನ ಏಳು ತಿಂಗಳ ಬಸುರಿಯೊಬ್ಬಳು ಗೋಗರೆದು ಗೋಗರೆದು ಸಾಕಾಗಿ, ನಿಂತಲ್ಲೇ ಬಟ್ಟೆ ಒದ್ದೆ ಮಾಡಿಕೊಂಡಿದ್ದಳು. ನೆಲವನ್ನೂ ಅವಳ ಕೈಯಿಂದಲೇ ಒರೆಸಿಸಿದ್ದ.

ಕತ್ತರಿ ಮೊದಲ ಸಾಲಿನಲ್ಲೇ ತಡೆದಳು.

"'ಆನ್ ಬಿಹಾಫ್ ಆಫ್' ಅಂತ ಹಾಕಿ ಪ್ಯಾಕಿಂಗ್ ಹೆಂಗಸರನ್ನೆಲ್ಲ ಸೇರಿಸಿದ್ದೀಯಲ್ಲ, ಬರಿ ಅಂತ ಅವರು ಹೇಳಿದ್ರಾ?"

"ಅವರಿಗೋಸ್ಕರ ತಾನೇ ಮೇಡಂ ಬರೆದಿರೋದು?"

"ಅವರ ಒಳ್ಳೇದಕ್ಕೆ ಬರೆಯೋದು ಬೇರೆ, ಅವರ ಪರವಾಗಿ ಬರೆಯೋದು ಬೇರೆ. ಆ ಮಾತಿನ ಮುಂದೆ ನಿನಗೆ ಹೇಳಿ ಬರೆಸಿದವರ ಹೆಸರು ಮಾತ್ರ ಬರಬೇಕು. ಹೋಗು, ಕೇಳ್ಕೊಂಡು ಬಾ."

ಊಟದ ಬಿಡುವಿನಲ್ಲಿ ಹುಡುಗಿ ಇಪ್ಪತ್ತೆರಡು ಹೆಂಗಸರ ಮುಂದೆ ನಿಂತಳು. ಒಬ್ಬಳು ಡಬ್ಬಿ ಮುಚ್ಚಿದಳು. ಇನ್ನೊಬ್ಬಳು ಕೈ ತೊಳೆಯಲು ಎದ್ದಳು. ಬಸುರಿಯೇ ಸಿಡುಕಿದಳು: "ನಿನ್ನನ್ನ ಯಾರಮ್ಮ ಕರೆದ್ರು? ನನ್ನ ಮಾನ ಹೋಗಿದ್ದು ಸಾಲದು ಅಂತ ಅದನ್ನ ಟೈಪ್ ಬೇರೆ ಮಾಡ್ತೀಯಾ?"

ಹುಡುಗಿ ಮುಖ ಸಣ್ಣ ಮಾಡಿಕೊಂಡು ಹಿಂತಿರುಗಿದಳು.

"ಎಷ್ಟು ಜನ ಹೇಳಿದ್ರು?" ಕತ್ತರಿ ಇಡೀ ಆಫೀಸಿಗೆ ಕೇಳುವಂತೆ ಕೇಳಿದಳು.

"ಯಾರೂ ಇಲ್ಲ ಮೇಡಂ."

"ಜೋರಾಗಿ ಹೇಳು."

"ಯಾರೂ ಇಲ್ಲ."

"ಲೀಡರಮ್ಮ ಬಂದ್ರು ನೋಡ್ರಪ್ಪ, ಜೈಕಾರ ಹಾಕೋರೇ ಇಲ್ಲ!" ಎಂದ ಒಬ್ಬ ಗುಮಾಸ್ತ. ಉಳಿದವರು ಕಿಸಕ್ಕನೆ ನಕ್ಕರು.

"ಹಾಗಾದ್ರೆ ಇದು ಸುಳ್ಳು ಕಾಗದ," ಎಂದಳು ಕತ್ತರಿ. "ನಿನ್ನ ಹೆಸರಲ್ಲೇ ಕೊಟ್ಟುನೋಡು. ಎಂಟು ದಿನ ಯಾಕೆ, ಸಾಯಂಕಾಲಕ್ಕೇ ಮನೆಗೆ ಕಳಿಸ್ತಾರೆ."

ಹುಡುಗಿ ಹರಿದುಹಾಕಲೆಂದು ಕಾಗದಕ್ಕೆ ಕೈ ಚಾಚಿದಳು. ಕತ್ತರಿ ಕೊಡಲಿಲ್ಲ. ಬಸುರಿಯ ವಿಷಯವಿದ್ದ ಸಾಲುಗಳನ್ನು ಹೊಡೆದುಹಾಕಿದಳು. 'ಆನ್ ಬಿಹಾಫ್ ಆಫ್' ಮುಂದಿದ್ದ 'ಪ್ಯಾಕಿಂಗ್ ಹೆಂಗಸರು' ಎಂಬುದನ್ನೂ ಹೊಡೆದುಹಾಕಿ, ಆ ಜಾಗದಲ್ಲಿ ತನ್ನ ಪೂರ್ತಿ ಹೆಸರು, ಹುದ್ದೆ ಬರೆದು ಕಾಗದವನ್ನು ಮುಂದಕ್ಕೆ ತಳ್ಳಿದಳು.

"ನಾನು ಹೇಳ್ತಿದ್ದೀನಿ, ಬರಿ. ಮೂರು ಪ್ರತಿ ತೆಗಿ."